ಹಿಂದಿನ ಗಾಲಿಯ ಬಳಿಯ ಹನಿ

ಮಾವನ ಪಂಚೆಯನ್ನು ಒಗೆಯುವ ಕಲ್ಲಿಗೆ ಹಾಕುವ ಮೊದಲು ಅದರ ಅಂಚನ್ನು ಒಮ್ಮೆ ಓದಿ ನೋಡುವುದು ಪರಿಮಳೆಗೆ ಮದುವೆಯಾಗಿ ಬಂದ ವರುಷದಿಂದಲೂ ರೂಢಿಯಾಗಿತ್ತು. ಮಾವ ವೆಂಕಟ್ರಮಣ ಭಟ್ಟರದು ಪೌರೋಹಿತ್ಯ. ಅರಿಶಿನದ ಕಲೆಯಿದ್ದರೆ ಮದುವೆಯೋ ಮುಂಜಿಯೋ ಆಗಿರಬೇಕು, ಮಸಿಯಿದ್ದರೆ ಹೋಮ, ತುಪ್ಪದ ಜಿಡ್ಡಿದ್ದರೆ ಹೋಮ ಮಾಡಿಸಿದವರು ಧಾರಾಳಿಗಳು, ಕೆಂಪು ಧೂಳಿದ್ದರೆ ನಿಲ್ಕುಂದದ ಕಡೆಯ ದಾರಿ. ಯಾರನ್ನೂ ಕೇಳದೆ ಇಷ್ಟೆಲ್ಲ ತಿಳಿದುಕೊಳ್ಳುವುದರಲ್ಲಿ ಅವಳಿಗೊಂದು ಗುಟ್ಟಿನ ಸುಖವಿತ್ತು. ಆದರೆ ೧೯೯೮ರ ಏಪ್ರಿಲ್ ತಿಂಗಳ ಕೊನೆಯ ಒಂದು ಮುಂಜಾನೆ, ಪಂಚೆಯ ಬಲಗಡೆಯ ಅಂಚಿನಲ್ಲಿ ಅಂಗೈಯಗಲದ ಕಪ್ಪು ಕಲೆಯೊಂದನ್ನು ಕಂಡು ಅವಳ ಓದು ನಿಂತುಹೋಯಿತು. ಮೂಗಿನ ಬಳಿ ಹಿಡಿದು ನೋಡಿದಳು.

"ಅತ್ತೆ, ಇಲ್ನೋಡಿ. ಇದು ಹೋಮದ ಮಸಿ ಅಲ್ಲ."

ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದ ಸೀತಮ್ಮ ಕೂತಲ್ಲಿಂದಲೇ ಕತ್ತು ಚಾಚಿದರು.

"ಗಾಡಿ ಎಣ್ಣೆ ಅದು. ಅಂಗಳಕ್ಕೆ ಸೋರದು ನಿಂತು ಹೇಳಿ ಸಮಾಧಾನ ಮಾಡ್ಕಂಡ್ರೆ ಈಗ ಮೈಮೇಲೆ ಸೋರ್ಲೆ ಹಿಡದ್ದು. ಸಾಬೂನು ದಂಡ ಮಾಡಡ. ಸೀಗೆಪುಡಿ ಹಚ್ಚಿ ನೆನೆಸಿಡು."

ಭಟ್ಟರ ಮೋಟಾರು ಸೈಕಲ್ಲಿಗೆ ಆಗ ಇಪ್ಪತ್ತೇಳು ವರುಷ. ವೈದಿಕರು ಬಸ್ಸಿಗೆ ಕಾಯುತ್ತಲೋ ಕಾಲ್ನಡಿಗೆಯಲ್ಲೋ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಪಂಚೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ಮಡಿಬಟ್ಟೆಯ ಚೀಲವನ್ನು ಬೆನ್ನಿಗೇರಿಸಿಕೊಂಡು ಅವರು ಶಿರಸಿಯಿಂದ ಹೇರೂರಿಗೆ, ನಿಲ್ಕುಂದಕ್ಕೆ ಗುಡುಗುತ್ತ ಹೊರಟಾಗ ಜನ ಬಾಯಿಗೆ ಸೆರಗು ಮುಚ್ಚಿ ನಕ್ಕಿದ್ದರು. ಬರಬರುತ್ತ ಅದೇ ಗುಡುಗನ್ನು ದೂರದಿಂದ ಕೇಳಿಸಿಕೊಂಡು ಕಲಶಕ್ಕೆ ನೀರು ತುಂಬಿಸಿಡುವುದು ಆ ಊರುಗಳ ಮನೆಗಳಲ್ಲಿ ಪದ್ಧತಿಯೇ ಆಗಿಹೋಯಿತು. ಗಾಡಿಯ ಗೇರು ಹಳೆಯ ಕ್ರಮದಂತೆ ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈ ಕಾರಣದಿಂದ ಮನೆಯಲ್ಲಿ ಅವರ ಹೊರತು ಮತ್ತಾರೂ ಅದನ್ನು ಓಡಿಸುವ ಧೈರ್ಯ ಮಾಡಿರಲಿಲ್ಲ.

ಆ ದಿನ ಮಧ್ಯಾಹ್ನ ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಮಾಡಿದ್ದರು. ಭಟ್ಟರ ಮಗ, ಪರಿಮಳೆಯ ಗಂಡ ಸಂದೇಶ ಶಿರಸಿಯ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ. ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತಿದ್ದ. ಅಂದು ಅವನು ಬಾಳೆಯೆಲೆಯ ಮುಂದೆ ಕೂತವನೇ ಅನ್ನಕ್ಕೆ ಕೈ ಹಾಕದೆ ಅಪ್ಪನತ್ತ ತಿರುಗಿದ.

"ಅಪ್ಪಯ್ಯ, ಹೇರೂರು ತಿರುವಲ್ಲಿ ನಿನ್ನೆ ಎಂತ ಆತು?"

"ಎಂತೂ ಆಯ್ದಿಲ್ಲೆ."

"ಎಂತೂ ಆಯ್ದಿಲ್ಲೆ ಅಂದ್ರೆ ಗಾಡಿ ಚರಂಡಿಗೆ ಎಂತಕ್ಕೆ ಹೋತು?"

"ಚರಂಡಿಗೆ ಹೋಯ್ದಿಲ್ಲೆ. ಚರಂಡಿ ಹತ್ರ ಹೋಯ್ದು."

ಎಂಟು ವರುಷದ ಮೊಮ್ಮಗಳು ಅಭಿಜ್ಞಾ ಕಿಸಕ್ಕನೆ ನಕ್ಕಳು. ಸಂದೇಶ ನಗಲಿಲ್ಲ. ಎಂಜಿನ್ನಿನ ಬಲಗಡೆಯಿಂದ ಒಸರಿದ ಎಣ್ಣೆ ಗೇರಿನ ಮೇಲೆ ಹರಡಿತ್ತು. ತಿರುವಿನಲ್ಲಿ ಗೇರು ಇಳಿಸಲು ಹೋದ ಭಟ್ಟರ ಕಾಲು ಜಾರಿತ್ತು. ಇದನ್ನೆಲ್ಲ ಕಣ್ಣಾರೆ ಕಂಡವರೊಬ್ಬರು ಬೆಳಿಗ್ಗೆಯೇ ಕಚೇರಿಗೆ ಬಂದು ವರದಿ ಒಪ್ಪಿಸಿದ್ದರು.

"ಹಾನಗಲ್ಲಿನ ಚಂದ್ರಶೇಖರಪ್ಪ ಎರಡು ವರ್ಷದಿಂದ ಆ ಗಾಡಿ ಕೇಳ್ತಾ ಇದ್ದ. ಕೊಟ್ಬುಡನ. ನಿಂಗೆ ಅರವತ್ತಾರು ಆತು. ಹೋಪದು ಬಪ್ಪದು ಸಾಕು. ಮನೆಲ್ಲಿ ಕೂತ್ಗ."

"ಮನೆಲ್ಲಿ ಕೂತ್ಗಂಡು?" ಬಡಿಸುತ್ತಿದ್ದ ಸೀತಮ್ಮ ಸೌಟನ್ನು ಅಲ್ಲಿಯೇ ನಿಲ್ಲಿಸಿದರು. "ಅಪ್ಪೆಹುಳಿಗೆ ಉಪ್ಪು ಎಷ್ಟು ಬೀಳವು ಹೇಳಿ ಯಂಗೆ ಪಾಠ ಹೇಳ್ಲಾ? ಹೋದ ವರ್ಷ ಜ್ವರ ಬಂದು ಎಂಟು ದಿನ ಕೂತಿದ್ದೇ ಸಾಕಾಯ್ದು."

ಭಟ್ಟರು ಆಪೋಶನದ ನೀರನ್ನು ಅಂಗೈಗೆ ಹಾಕಿಕೊಂಡರು. ಅವರ ಪಾಲಿಗೆ ಅದು ಗಾಡಿಯೊಂದರ ಪ್ರಶ್ನೆಯಾಗಿರಲಿಲ್ಲ. ಆ ಊರುಗಳಿಗೆ ಬಸ್ಸುಗಳು ತಮ್ಮ ಹೊತ್ತಿಗೆ ಬರುತ್ತಿದ್ದವೇ ಹೊರತು ಮುಹೂರ್ತದ ಹೊತ್ತಿಗಲ್ಲ. ಗಾಡಿ ಹೋದರೆ ಅವರು ಪೌರೋಹಿತ್ಯ ನಡೆಸುವ ಮೂವತ್ತು ಮನೆಗಳೂ ಹೋದಂತೆ.

"ಸೋರದು ನಿಂತ್ರೆ?" ಎಂದು ಅವರು ಕೇಳಿದರು.

"ನಿಂತ್ರೆ ಆನು ಮಾತಾಡ್ತ್ನಿಲ್ಲೆ. ಆನೇ ರಿಪೇರಿ ಮಾಡ್ತೆ. ಮೇ ತಿಂಗಳಲ್ಲಿ ಐದು ಭಾನುವಾರ ಬತ್ತು. ಐದನೇದ್ದಕ್ಕೂ ಸೋರ್ತಾ ಇದ್ರೆ ಅದೇ ದಿನ ಚಂದ್ರಶೇಖರಪ್ಪ ಬಂದು ತಗಂಡು ಹೋಗ್ಲಿ."

"ಆತು. ಮಾತು ಕೊಟ್ಟಿ ಹೇಳಿ ತಿಳ್ಕ," ಎಂದು ಭಟ್ಟರು ಊಟಕ್ಕೆ ಕೈ ಹಾಕಿದರು.

ಮೊದಲನೆಯ ಭಾನುವಾರ ಜಗುಲಿಯ ತುಂಬ ಸ್ಪ್ಯಾನರುಗಳು ಹರಡಿಕೊಂಡವು. ಸಂದೇಶ ಎಂಜಿನ್ನಿನ ಬಲಮಗ್ಗುಲಲ್ಲಿದ್ದ ಅಂಗೈಯಷ್ಟು ಮುಚ್ಚಳವನ್ನು ಬಿಚ್ಚಿದ. ಅದರ ಅಡಿಯಲ್ಲಿದ್ದ ಬಿರಡೆಯ ಪ್ಯಾಕಿಂಗು ಒಣರೊಟ್ಟಿಯಂತೆ ಪುಡಿಪುಡಿಯಾಗಿತ್ತು. ಎರಡು ಲೋಹಗಳ ನಡುವೆ ಕೂತು ಎಣ್ಣೆಯನ್ನು ತಡೆಯಬೇಕಾದುದು ಅದೇ. ಪೇಟೆಯಲ್ಲಿ ಆ ಮಾದರಿಯದು ಸಿಕ್ಕದು. ದಪ್ಪ ಕಾಗದದಲ್ಲಿ ಕತ್ತರಿಸಿಕೊಳ್ಳಬೇಕು.

ಪುರೋಹಿತರ ಮನೆಯಲ್ಲಿ ದಪ್ಪ ಕಾಗದಕ್ಕೆ ಬರವೇ? ಲಗ್ನಪತ್ರಿಕೆಗಳು ಅಟ್ಟದ ಮೇಲೆ ಕಟ್ಟುಗಟ್ಟಲೆ ಇದ್ದವು. ಸಂದೇಶ ಹೇರೂರಿನ ಮದುವೆಯೊಂದರ ಪತ್ರಿಕೆಯನ್ನು ಆರಿಸಿ, ಮುಚ್ಚಳವನ್ನು ಅದರ ಮೇಲಿಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದ. ಸೀತಮ್ಮ ಅಷ್ಟರಲ್ಲಿ ಅಲ್ಲಿ ಹಾಜರಾದರು.

"ಅದ್ರಲ್ಲಿ ಗಣಪತಿ ಇದ್ದ."

"ಗಣಪತಿನ ಬಿಟ್ಟೇ ಕತ್ತರಿಸ್ತೆ, ಆಯಿ," ಎಂದ ಅವನು ತಾಯಿಗೆ.

"ಬಿಟ್ಟು ಎಲ್ಲಿ ಕತ್ತರಿಸ್ತೆ? ಸೊಂಡಿಲು ಒಳಗೆ ಬೈಂದು ನೋಡು. ದೇವ್ರನ್ನ ಎಣ್ಣೆಗೆ ಅದ್ದಿ ಎಂಜಿನ್ನಿಗೆ ಹಾಕ್ತ್ಯಾ?"

ಪತ್ರಿಕೆಯನ್ನು ತಿರುಗಿಸಿದ್ದಾಯಿತು. ಗಣಪತಿ ಸುರಕ್ಷಿತವಾಗಿ ಹೊರಗುಳಿದ. ನಟ್ಟಿಗಾಗಿ ತೂತು ಕೊರೆದಾಗ ಅದು ನೆಟ್ಟಗೆ ವರನ ಹೆಸರಿನ ಮೇಲೆಯೇ ಬಿತ್ತು.

"ಈ ಗಂಡು ಹೋದ್ನಲ," ಎಂದು ಭಟ್ಟರು ಕೂತಲ್ಲಿಂದಲೇ ಉದ್ಗರಿಸಿದರು. "ಒಳ್ಳೆ ಮಾಣಿ ಆಗಿದ್ದ. ಆನೇ ಧಾರೆ ಎರೆಸಿದ್ದು."

ಪರಿಮಳೆಗೆ ಈ ಕೆಲಸವೆಲ್ಲ ಹೊಸದು. ಹಿಟ್ಟು ಕಲಸುತ್ತಿದ್ದವಳು ಮೂರು ಸಲ ಎದ್ದು ಬಂದು ಇಣುಕಿದಳು. ಕಾಗದವನ್ನು ಎಣ್ಣೆಯಲ್ಲಿ ನೆನೆಸುವುದೇಕೆ, ಒಳಗಿನ ಎಣ್ಣೆ ಇಷ್ಟು ಮೇಲಕ್ಕೆ ಏರುವುದು ಹೇಗೆ, ಹೊಸ ಪ್ಯಾಕಿಂಗು ಹಾಕಿದ ಮೇಲೆ ಸೋರಿದರೆ ಎಲ್ಲಿಂದ ಸೋರಿತೆಂದು ತಿಳಿಯುವುದು ಹೇಗೆ ಎಂದು ಕೇಳಿದಳು. ಕೊನೆಯ ಪ್ರಶ್ನೆಗೆ ಸಂದೇಶ "ನಿಂಗೆ ಎಂತಕ್ಕೆ ಅದೆಲ್ಲ?" ಎಂದು ಜಾರಿಕೊಂಡ.

ಆ ಪ್ರಶ್ನೆಗೆ ಉತ್ತರ ಹೊಳೆದದ್ದು ಅವಳಿಗೇ. ಒಂದು ವಾರದೊಳಗೆ ಎಂಜಿನ್ನು ಮತ್ತೆ ಎಣ್ಣೆಯಿಂದ ಹೊಳೆಯತೊಡಗಿದಾಗ, ಎರಡನೆಯ ಭಾನುವಾರ ಅವಳು ಅದನ್ನು ಸೀಮೆಎಣ್ಣೆಯಿಂದ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೇಲೆಲ್ಲ ಉದುರಿಸಿದಳು. ಎಂಜಿನ್ನು ಮದುಮಗಳಂತೆ ಬೆಳ್ಳಗಾಯಿತು.

"ಯನ್ನ ಆಯಿ ಅಜ್ಜನ ಗಾಡಿಗೆ ಪೌಡರು ಹಚ್ಚಿದ್ದು," ಎಂದು ಅಭಿಜ್ಞಾ ಕೇರಿಯೆಲ್ಲ ಸಾರಿ ಬಂದಳು.

ಭಟ್ಟರು ಗಾಡಿಯಲ್ಲಿ ಕೇರಿಯ ಕೊನೆಯವರೆಗೆ ಹೋಗಿ ತಿರುಗಿ ಬಂದರು. ಬಿಳಿಯ ಪುಡಿಯಲ್ಲಿ ಕಪ್ಪು ಗೆರೆಯೊಂದು ಸ್ಪಷ್ಟವಾಗಿ ಮೂಡಿತ್ತು. ಲಗ್ನಪತ್ರಿಕೆ ಹಾಕಿದ್ದ ಕಡೆಯಿಂದಲ್ಲ. ಅದಕ್ಕಿಂತ ಮೇಲೆ, ಎಂಜಿನ್ನಿನ ತಲೆಯ ಮುಚ್ಚಳದ ಸಂದಿಯಿಂದ. ಸಂದೇಶ ಗೆರೆಯನ್ನೂ ಹೆಂಡತಿಯ ಮುಖವನ್ನೂ ನೋಡಿದ. "ಇದು ಯಂಗೆ ಹೊಳೆದಿತ್ತಿಲ್ಲೆ," ಎಂದು ಒಪ್ಪಿಕೊಂಡು, ತಲೆಯ ಮುಚ್ಚಳ ಬಿಚ್ಚಲು ಕೂತ.

ಮೂರನೆಯ ಭಾನುವಾರಕ್ಕೆ ತಲೆ ಒಣಗಿತ್ತು. ಎಣ್ಣೆ ಬಲಗಡೆಯ ದೊಡ್ಡ ಕವಚದ ಅಡಿಯಿಂದ ತೊಟ್ಟಿಕ್ಕುತ್ತಿತ್ತು. ಅದನ್ನೂ ಮುಚ್ಚಿದರೆ ಎಡಗಡೆಯಿಂದ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಹಲಸಿನ ಹಿಟ್ಟಿನ ಮುದ್ದೆಯ ಹಾಗೆ ಅದು ಮನೆಯವರನ್ನು ಆಡಿಸಿತು. ಐದು ಲಗ್ನಪತ್ರಿಕೆಗಳೂ ಎರಡು ಮುಂಜಿಯ ಕರೆಯೋಲೆಗಳೂ ಅದರ ಹೊಟ್ಟೆ ಸೇರಿದವು.

ಗಾಡಿ ಹೀಗೆ ಬಿಚ್ಚಿಕೊಂಡು ಬಿದ್ದಿದ್ದ ವಾರವೇ ಪರಿಮಳೆಯ ತವರುಮನೆಯಾದ ನಿಲ್ಕುಂದದಲ್ಲಿ ಅವಳ ಅಜ್ಜನ ಶ್ರಾದ್ಧವಿತ್ತು. ಭಟ್ಟರು ಬಸ್ಸಿನಲ್ಲಿ ಹೊರಟರು. ಬಸ್ಸು ದಾರಿಯಲ್ಲೆಲ್ಲೋ ಕೆಟ್ಟು ನಿಂತಿತು. ಅವರು ತಲುಪುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ; ಬೆಳಗಿನಿಂದ ಉಪವಾಸವಿದ್ದ ಮನೆಮಂದಿ ಜಗುಲಿಯಲ್ಲಿ ಸಾಲಾಗಿ ಕೂತು ದಾರಿ ನೋಡುತ್ತಿದ್ದರು. ಯಾರೂ ದೂರದೆ ಕಾಲಿಗೆ ನೀರು ಕೊಟ್ಟರು. ಅದೇ ಭಟ್ಟರಿಗೆ ಹೆಚ್ಚು ನಾಟಿತು. ಮರುದಿನ ಮನೆಗೆ ಬಂದವರು ಚೀಲವನ್ನು ಗೂಟಕ್ಕೆ ತೂಗುಹಾಕಿ, ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರು.

"ತಂಬುಳಿಗೆ ಜೀರಿಗೆ ಹಾಕಿದ್ಯಾ?" ಎಂದು ಕೇಳಿದರು.

ಸೀತಮ್ಮ ಸೊಸೆಯ ಕಡೆ ನೋಡಿದರು. "ಸುರುವಾತು ನೋಡು," ಎಂದರು ಮೆಲ್ಲಗೆ. "ಆ ಗಾಡಿ ಹೋದ್ರೆ ಯನ್ನ ಗತಿ ಇದೇ. ಹೆಂಗಾದ್ರೂ ಮಾಡಿ ನಿಲ್ಸವು ಮಾರಾಯ್ತಿ ಅದ್ರ ಸೋರದ್ನ."

ನಾಲ್ಕನೆಯ ಭಾನುವಾರವೂ ಹೋಯಿತು. ಸಂದೇಶ ಪೇಟೆಯಿಂದ ತಂದ ಅಂಟಿನ ನಳಿಕೆಯೆಲ್ಲ ಬರಿದಾಯಿತು, ಎಣ್ಣೆ ನಿಲ್ಲಲಿಲ್ಲ. ಚಂದ್ರಶೇಖರಪ್ಪನಿಗೆ ಕಾಗದ ಹೋಗಿ, ಬರುತ್ತೇನೆಂಬ ಉತ್ತರವೂ ಬಂತು.

ಸೋಮವಾರ ಸಾಮಾನು ತರಲೆಂದು ಪೇಟೆಗೆ ಹೋದ ಪರಿಮಳಾ ನೇರ ಮನೆಗೆ ಮರಳದೆ ಹಯಾತ್ ಸಾಹೇಬರಲ್ಲಿಗೆ ಹೋದಳು. ಇಪ್ಪತ್ತು ವರುಷ ಆ ಗಾಡಿಯನ್ನು ನೋಡಿಕೊಂಡ ಮೆಕ್ಯಾನಿಕ್ ಅವರು. ಕಣ್ಣಿನ ಪೊರೆ ತೆಗೆಸಿಕೊಂಡು, ಬಗ್ಗಬಾರದೆಂದು ಡಾಕ್ಟರು ಅಪ್ಪಣೆ ಮಾಡಿದ್ದರಿಂದ ಒಂದು ತಿಂಗಳಿಂದ ಮನೆಯಲ್ಲೇ ಇದ್ದರು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯ ಕುರ್ಚಿಯಲ್ಲಿ ಕೂತಿದ್ದವರು ಅವಳ ಧ್ವನಿಯಿಂದಲೇ ಗುರುತು ಹಿಡಿದರು.

"ಬನ್ನಿ ತಂಗಿ, ಕೂತ್ಕೊಳ್ಳಿ. ಜೊಹರಾ, ಭಟ್ರ ಸೊಸೆ ಬಂದಿದಾರೆ, ಚಾಪೆ ಹಾಕು. ನಮ್ಮ ಗಾಡಿ ಹೇಗಿದೆ?"

ಪರಿಮಳಾ ಎಲ್ಲವನ್ನೂ ಹೇಳಿದಳು. ಯಾವ ಭಾನುವಾರ ಎಲ್ಲಿ ಮುಚ್ಚಿದರು, ಎಷ್ಟು ದಿನದಲ್ಲಿ ಎಲ್ಲಿ ಒಸರಿತು, ಪೌಡರಿನಲ್ಲಿ ಗೆರೆ ಹೇಗೆ ಮೂಡಿತು. ಪೌಡರಿನ ಮಾತು ಬಂದಾಗ ಸಾಹೇಬರು ನಕ್ಕು, "ನನ್ನ ಅಂಗಡಿಗೆ ನೀವು ಮೊದಲೇ ಬರಬೇಕಿತ್ತು," ಎಂದರು. ಆಮೇಲೆ ನಗು ನಿಲ್ಲಿಸಿ ಯೋಚಿಸಿದರು.

"ಒಂದು ಮಾತು ಹೇಳಿ. ಹಿಂದೆ ಗಾಲಿ ಹತ್ರ ಹನಿ ಬೀಳ್ತಿದೆಯೋ ಇಲ್ವೋ?"

"ಹಿಂದೆ? ಅಲ್ಲಿ ಎಂಜಿನ್ನೇ ಇಲ್ವಲ್ಲ."

"ಎಂಜಿನ್ನಿಲ್ಲ. ಅದರ ಉಸಿರು ಇದೆ. ನೋಡಿ ತಂಗಿ, ಒಳಗೆ ಪಿಸ್ಟನ್ನು ಮೇಲೆ ಕೆಳಗೆ ಆಡ್ತಾನೇ ಇರ್ತದೆ. ಅಡಿಯಲ್ಲಿರೋ ಗಾಳಿ ಎಲ್ಲಿಗೆ ಹೋಗಬೇಕು? ಅದಕ್ಕೊಂದು ಬಾಯಿ ಕೊಟ್ಟಿದಾರೆ. ಗಾಳಿ ಜೊತೆ ಚೂರು ಎಣ್ಣೆನೂ ಹಾರ್ತದೆ. ಭಟ್ರ ಪಂಚೆಗೆ ಹಾರ್ತದೆ ಅಂತ ನಾನೇ ಆ ಬಾಯಿಗೆ ರಬ್ಬರ್ ಪೈಪು ಹಾಕಿ ಹಿಂದಿನ ಮಡ್‌ಗಾರ್ಡಿನ ಅಡಿಗೆ ಒಯ್ದು ಬಿಟ್ಟಿದೀನಿ. ಅಲ್ಲಿ ದಿನಾ ಎರಡು ಹನಿ ಬಿದ್ದೇ ಬೀಳ್ತದೆ. ಅದು ಸೋರೋದಲ್ಲ, ಅದು ಬೀಳಲೇಬೇಕು. ಅದು ನಿಂತ್ರೆ ಒಳಗಿನ ಗಾಳಿ ಸಿಕ್ಕ ಸಿಕ್ಕ ಸಂದಿಯಿಂದ ಎಣ್ಣೆ ನೂಕ್ತದೆ. ನೀವು ಎಷ್ಟು ಪ್ಯಾಕಿಂಗ್ ಹಾಕಿದ್ರೂ ಅಷ್ಟೆ."

"ಬೀಳ್ತಿದೆಯೋ ಇಲ್ಲವೋ ಗೊತ್ತಿಲ್ಲ," ಎಂದಳು ಪರಿಮಳಾ. ಹೇಳುತ್ತಿರುವಾಗಲೇ ಅದನ್ನು ತಿಳಿಯುವ ದಾರಿಯೊಂದು ಅವಳ ಮನಸ್ಸಿಗೆ ಬಂದಿತು. ಸಾಹೇಬರ ಹೆಂಡತಿ ಜೊಹರಾ ಕೊಟ್ಟ ಶರಬತ್ತನ್ನು ಅವಸರವಸರವಾಗಿ ಕುಡಿದು ಎದ್ದಳು.

ಆ ದಾರಿ ಅವಳ ಮನೆಯ ಬಚ್ಚಲಿನಲ್ಲಿತ್ತು. ಅಂಗಳ ಹಾಳಾಗುತ್ತದೆಂಬ ಸೀತಮ್ಮನ ತಗಾದೆಗೆ ಸೋತು, ಭಟ್ಟರು ಪ್ರತಿ ಸಂಜೆ ಗಾಡಿಯ ಅಡಿಗೆ ಆ ದಿನ ಓದಿ ಮುಗಿಸಿದ ಪತ್ರಿಕೆಯನ್ನು ಬಿಡಿಸಿ ಹಾಸುತ್ತಿದ್ದರು. ಬೆಳಿಗ್ಗೆ ಅಭಿಜ್ಞಾ ಅದರ ಮೇಲಿನ ಎಣ್ಣೆಯ ಕಲೆಗಳಿಗೆ ಪೆನ್ಸಿಲಿನಿಂದ ಸುತ್ತುಗೆರೆ ಎಳೆದು, ಇದು ಆನೆ, ಇದು ಮೊಸಳೆ ಎಂದು ಹೆಸರಿಡುತ್ತಿದ್ದಳು. ಅನಂತರ ಸೀತಮ್ಮ ಹಾಳೆಯನ್ನು ಮಡಚಿ ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿ ಒಟ್ಟುತ್ತಿದ್ದರು. ಎಣ್ಣೆ ಕುಡಿದ ಕಾಗದ ಉರಿ ಹತ್ತಿಸಲು ಬಲು ಸೊಗಸು. ಮೇಲಿನವನ್ನು ತೆಗೆದು ಒಲೆಗಿಡುತ್ತಿದ್ದುದರಿಂದ ಅಡಿಯವು ಹಾಗೆಯೇ ಉಳಿದಿದ್ದವು.

ಪರಿಮಳಾ ಗೂಡನ್ನು ಬರಿದು ಮಾಡಿ, ಹಾಳೆಗಳನ್ನು ತಾರೀಕಿನ ಪ್ರಕಾರ ಹಿತ್ತಲ ಚಾವಡಿಯ ನೆಲದ ಮೇಲೆ ಸಾಲಾಗಿ ಹರಡಿದಳು. ಶಾಲೆಗೆ ರಜವಿದ್ದ ಮಗಳು ಪಕ್ಕದಲ್ಲಿ ಕೂತು ಓದತೊಡಗಿದಳು.

"ಇದು ಇರುವೆ. ಇದೂ ಇರುವೆ. ಇದು ಎರಡು ಇರುವೆ."

ಮಾರ್ಚ್ ತಿಂಗಳ ಹಾಳೆಗಳಲ್ಲಿ ಇರುವೆಗಳಷ್ಟೇ. ಎಲ್ಲವೂ ಕಾಗದದ ಒಂದು ತುದಿಯಲ್ಲಿ, ಹಿಂದಿನ ಗಾಲಿ ಬರುವ ಕಡೆಯಲ್ಲಿ. ನಡುವೆಲ್ಲ ಒಣಕಲು. ಏಪ್ರಿಲ್ ಹದಿನೆಂಟು, ಶನಿವಾರ: ತುದಿಯಲ್ಲಿ ಎರಡು ಇರುವೆ. ಹತ್ತೊಂಬತ್ತರದು ಸಿಕ್ಕಲಿಲ್ಲ. ಇಪ್ಪತ್ತರದರಲ್ಲಿ ತುದಿ ಬಿಳಿ. ಕಾಗದದ ನಟ್ಟನಡುವೆ ಒಂದು ಕಪ್ಪೆ. ಆಮೇಲೆ ಮೊಲ, ಮೊಸಳೆ, ಆನೆ, ಎಲ್ಲವೂ ನಡುವೆಯೇ. ತುದಿಗೆ ಮತ್ತೊಂದು ಇರುವೆಯೂ ಬಂದಿರಲಿಲ್ಲ.

ಏಪ್ರಿಲ್ ಹತ್ತೊಂಬತ್ತರಂದು ಮನೆಯಲ್ಲಿ ಏನಾಗಿತ್ತು? ಪರಿಮಳೆಗೆ ನೆನಪು ಮಾಡಿಕೊಳ್ಳಬೇಕಾಗಿಯೇ ಬರಲಿಲ್ಲ. ನಿಲ್ಕುಂದದ ತವರಿನಿಂದ ಹಲಸಿನಕಾಯಿ ಬಂದಿದ್ದ ಭಾನುವಾರ ಅದು. ಆ ವರುಷದ ಮೊದಲ ಹಪ್ಪಳ ಮಾಡಿದ ದಿನ. ಹಪ್ಪಳದ ಚಾಪೆಗಳನ್ನು ಹಾಸಲು ಅಂಗಳದ ಬಿಸಿಲೆಲ್ಲ ಬೇಕೆಂದು ಅತ್ತೆ ಹಟ ಹಿಡಿದಿದ್ದರು. ಗಾಡಿಯನ್ನು ಅತ್ತ ಸರಿಸು, ಇತ್ತ ಸರಿಸು ಎಂದು ಬೆಳಿಗ್ಗೆಯೆಲ್ಲ ಗಲಾಟೆ ನಡೆದು, ಆಮೇಲೆ ಯಾಕೋ ತಟ್ಟನೆ ತಣ್ಣಗಾಗಿತ್ತು.

ಅವಳು ಅಂಗಳಕ್ಕೆ ಹೋಗಿ ಗಾಡಿಯ ಹಿಂದೆ ಮಂಡಿಯೂರಿ ಕೂತು, ಮಡ್‌ಗಾರ್ಡಿನ ಒಳಗಡೆ ಕೈಯಾಡಿಸಿದಳು. ಧೂಳಿನ ನಡುವೆ ಹೆಬ್ಬೆರಳು ದಪ್ಪದ ರಬ್ಬರ್ ಪೈಪು ಸಿಕ್ಕಿತು. ಅದರ ತುದಿಯನ್ನು ಹಿಂದಕ್ಕೆ ಮಡಚಿ, ಹಳೆಯ ಸೀರೆಯಂಚಿನ ಪಟ್ಟಿಯಿಂದ ಬಿಗಿದು ಸುತ್ತಿ, ಅದರ ಮೇಲೆ ಕಂದುಬಣ್ಣದ ಏನನ್ನೋ ದಪ್ಪವಾಗಿ ಮೆತ್ತಲಾಗಿತ್ತು, ಕಲ್ಲಿನಂತೆ ಗಟ್ಟಿ. ಉಗುರಿನಿಂದ ಕೆರೆದು ನೋಡಿದಳು. ಹಲಸಿನ ಮೇಣ. ಕಾಯಿ ಕೊಯ್ಯುವಾಗ ಒಸರುವ ಹಾಲನ್ನು ಕೋಲಿಗೆ ಸುತ್ತಿಟ್ಟುಕೊಂಡು, ತೂತು ಬಿದ್ದ ಕೊಡಕ್ಕೋ ಬಕೆಟ್ಟಿಗೋ ಕಾಯಿಸಿ ಮೆತ್ತುವ ಕೆಲಸವನ್ನು ಆ ಮನೆಯಲ್ಲಿ ಮಾಡುತ್ತಿದ್ದವರು ಒಬ್ಬರೇ. ಆ ಸೀರೆಯ ಅಂಚು ಯಾರದೆಂಬುದೂ ಅವಳಿಗೆ ಗೊತ್ತಿತ್ತು.

ಗಾಡಿ ಉಳಿಯುವ ಹಾದಿಯೇನೋ ಸಿಕ್ಕಿತು. ಆದರೆ ಒಂದು ತಿಂಗಳು ಬೆವರು ಹರಿಸಿದ ಗಂಡನ ಎದುರಿಗೆ, ಉಪವಾಸದ ಮನೆಯ ಮುಂದೆ ತಲೆ ತಗ್ಗಿಸಿ ಬಂದ ಮಾವನ ಎದುರಿಗೆ, ಈ ಹೆಸರನ್ನು ಹೇಳುವುದು ಹೇಗೆ?

ಸೀತಮ್ಮ ಒಳಗೆ ಹಪ್ಪಳ ಒತ್ತುತ್ತಿದ್ದರು. ಎರಡು ಬಾಳೆಯೆಲೆಯ ತುಂಡುಗಳ ನಡುವೆ ಉಂಡೆಯಿಟ್ಟು, ಮಣೆಯಿಂದ ಒಂದೇ ಒತ್ತು. ಪರಿಮಳಾ ಎದುರಿಗೆ ಕೂತು ಉಂಡೆ ಕಟ್ಟತೊಡಗಿದಳು.

"ಅತ್ತೆ, ಗಾಡಿ ಹಿಂದಿನ ಪೈಪಿಗೆ ಮೇಣ ಹಾಕಿದ್ದು ನಿಂಗನಾ?"

"ಹೌದು. ಎಂತಕ್ಕೆ?" ಸೀತಮ್ಮನ ಕೈ ನಿಲ್ಲಲಿಲ್ಲ. "ಚಾಪೆ ಹಾಸ ಜಾಗದಲ್ಲೇ ಟೊಪಕ್ ಟೊಪಕ್ ಹೇಳಿ ಬೀಳ್ತಿತ್ತು. ಹೇಳಿ ಹೇಳಿ ಸಾಕಾತು. ಇವರಿಬ್ಬರ ಕೈಲೂ ಆಗ್ತಿಲ್ಲೆ ಹೇಳಿ ಆನೇ ಮಾಡಿದೆ. ಅಲ್ಲಿಂದ ಒಂದು ಹನಿ ಬಿದ್ದಿದ್ರೆ ತೋರ್ಸು."

"ಬಿದ್ದಿದ್ದಿಲ್ಲೆ."

"ಮತ್ತೆ? ಹಿತ್ತಾಳೆ ಕೊಡಪಾನಕ್ಕೆ ಹಾಕಿದ್ದು ಹನ್ನೊಂದು ವರ್ಷ ಆತು, ಇನ್ನೂ ಜಗ್ಗಿದ್ದಿಲ್ಲೆ. ಇವ ಭಾನುವಾರ ಭಾನುವಾರ ಕಾಗದ ಕತ್ತರಿಸ್ತ. ಮೇಣ ಹಾಕು ಹೇಳಿ ಹೇಳನ ಅಂದ್ರೆ ಯನ್ನ ಯಾರೂ ಕೇಳಿದ್ವೇ ಇಲ್ಲೆ."

ಪರಿಮಳಾ ಉಂಡೆಗಳನ್ನು ಬದಿಗೆ ಸರಿಸಿ, ಸಾಹೇಬರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಪಿಸ್ಟನ್ನು, ಗಾಳಿ, ಬಾಯಿ, ಬೀಳಲೇಬೇಕಾದ ಎರಡು ಹನಿ. ಸೀತಮ್ಮನ ಕೈ ಈಗ ಮಣೆಯ ಮೇಲೆಯೇ ನಿಂತಿತು. ಅವರ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಲೆಕ್ಕಾಚಾರ, ಕೊನೆಗೆ ಏನೆಂದು ಹೇಳಲಾಗದ ಒಂದು ಬಣ್ಣ ಸುಳಿದುಹೋಯಿತು.

"ಹಾಂಗಾದ್ರೆ ನಿಮ್ಮಜ್ಜನ ಶ್ರಾದ್ಧಕ್ಕೆ ತಡ ಆಗಿದ್ದು..." ಎಂದು ಅರ್ಧಕ್ಕೇ ನಿಲ್ಲಿಸಿದರು.

"ಆನೇ ಸುಮ್ಮಂಗೆ ತೆಗೆದುಬಿಡ್ತೆ ಅತ್ತೆ. ಯಾರಿಗೂ ಹೇಳ್ತ್ನಿಲ್ಲೆ. ತಾನಾಗಿ ಸರಿ ಆತು ಹೇಳಿ ತಿಳ್ಕಳ್ತ."

ಸೀತಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎದ್ದರು.

"ಎಂತಕ್ಕೆ ಸುಮ್ಮಂಗೆ? ಆನೇನು ಕದ್ದಿದ್ನನಾ? ಸಂದೇಶ ಬರ್ಲಿ. ಅವರಿಬ್ಬರನ್ನೂ ಅಂಗಳಕ್ಕೆ ಕರಿ. ಒಂದು ಬಟ್ಲು ತೆಂಗಿನೆಣ್ಣೆ ತಗಂಡು ಬಾ."

ಸಂಜೆ ನಾಲ್ವರೂ ಗಾಡಿಯ ಹಿಂದೆ ನೆರೆದರು. ಸೀತಮ್ಮ ಪೀಠಿಕೆಯಿಲ್ಲದೆ, "ಇದ್ನ ಕಟ್ಟಿದ್ದು ಆನು," ಎಂದು ಹೇಳಿ ಪೈಪನ್ನು ಹೊರಕ್ಕೆಳೆದು ತೋರಿಸಿದರು. ಸಂದೇಶನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಆಯಿ, ನಾಲ್ಕು ಭಾನುವಾರ ಆನು..."

"ಗೊತ್ತಿದ್ದು. ನಿಂಗೆ ಗೊತ್ತಿರಲ್ಲೆ, ಯಂಗೂ ಗೊತ್ತಿರಲ್ಲೆ. ನೀನು ಏಳು ಕಡೆ ಮುಚ್ಚಿದೆ, ಆನು ಒಂದೇ ಕಡೆ. ಬಟ್ಲು ಹಿಡಿ."

ಭಟ್ಟರು ಮಾತ್ರ ಕೋಪವನ್ನೂ ತೋರಿಸಲಿಲ್ಲ, ನಗುವನ್ನೂ ತೋರಿಸಲಿಲ್ಲ. ಬಗ್ಗಿ ಆ ಗಂಟನ್ನು ಹತ್ತಿರದಿಂದ ನೋಡಿದರು. ಎರಡು ಬೆರಳಲ್ಲಿ ಒತ್ತಿದರು.

"ಒಂದು ತಿಂಗಳು ಎಂಜಿನ್ನಿನ ಗಾಳಿ ತಡದ್ದಲೆ ಇದು," ಎಂದರು ಆಶ್ಚರ್ಯದಿಂದ. "ಯಾವ ಮರದ ಮೇಣವೇ?"

"ನಿಲ್ಕುಂದದ್ದು. ಅದ್ರದ್ದೇ ಅಂಟು ಜಾಸ್ತಿ," ಎಂದರು ಸೀತಮ್ಮ ಗಂಭೀರವಾಗಿ.

ತೆಂಗಿನೆಣ್ಣೆ ಸವರಿ, ಬಿಸಿ ಮಾಡಿದ ಚಾಕುವಿನಿಂದ ಎಬ್ಬಿಸಿದಾಗ ಮೇಣ ಬಿಟ್ಟುಕೊಂಡಿತು. ಸೀರೆಯ ಪಟ್ಟಿ ಬಿಚ್ಚಿತು. ಮಡಚಿದ ಪೈಪು ನೆಟ್ಟಗಾಯಿತು. ಭಟ್ಟರು ಪಂಚೆ ಎತ್ತಿ ಕಟ್ಟಿ ಗಾಡಿಯನ್ನು ಒದ್ದರು. ಎಂಜಿನ್ನು ಗುಡುಗಿದ್ದೇ ತಡ, ಪೈಪು ಕೆಮ್ಮಿ, ತಿಂಗಳಿನಿಂದ ಒಳಗೆ ಕಟ್ಟಿಕೊಂಡಿದ್ದ ಕೊಳಕನ್ನೆಲ್ಲ ಅಂಗಳದ ಮೇಲೆ ಒಂದು ಬೊಗಸೆಯಷ್ಟು ಉಗುಳಿತು. ಅನಂತರ ಹಫ್, ಹಫ್ ಎಂದು ಹದವಾಗಿ ಗಾಳಿ ಬಿಡತೊಡಗಿತು. ಸೀತಮ್ಮ ಅದರ ಬಾಯಿಗೆ ಅಂಗೈ ಹಿಡಿದು, ಕರುವಿನ ಮೂಗಿನ ಬಳಿ ಹಿಡಿದವರಂತೆ ಬಹಳ ಹೊತ್ತು ಹಾಗೆಯೇ ನಿಂತರು.

"ಬಿಸಿ ಇದ್ದು," ಎಂದರು. "ಪರಿಮಳಾ, ನೀನೂ ಕೈ ಹಿಡಿದು ನೋಡು."

ಮರುದಿನ ಪೈಪಿನ ಬಾಯಿಗೆ ಒಂದು ತೆಂಗಿನ ಕರಟವನ್ನು ತಂತಿಯಿಂದ ತೂಗುಹಾಕಲಾಯಿತು. ಎರಡು ಹನಿ ಬಿದ್ದರೆ ಅದರೊಳಗೆ ಬೀಳಲಿ. ಆ ಆಲೋಚನೆ ಸೀತಮ್ಮನದೇ. ನಾಲ್ಕು ದಿನ ಪರಿಮಳಾ ಎಂಜಿನ್ನಿಗೆ ಪೌಡರು ಹಚ್ಚಿದಳು. ನಾಲ್ಕು ದಿನವೂ ಅದು ಹಚ್ಚಿದ ಹಾಗೆಯೇ ಬೆಳ್ಳಗೆ ಉಳಿಯಿತು.

ಐದನೆಯ ಭಾನುವಾರ ಹತ್ತು ಗಂಟೆಗೆ ಚಂದ್ರಶೇಖರಪ್ಪ ಬಂದ. ಗಾಡಿಯ ಸುತ್ತ ಎರಡು ಸುತ್ತು ಬಂದು, ಎಂಜಿನ್ನಿನ ಅಡಿಗೆ ಕೈ ಹಾಕಿ ತೆಗೆದು ಬೆರಳು ನೋಡಿಕೊಂಡ. ಆಮೇಲೆ ಹಿಂದೆ ಹೋಗಿ ನಿಂತುಬಿಟ್ಟ.

"ಇದೇನ್ರೀ ಭಟ್ರ, ಬಾಲಕ್ಕ ಕರಟಾ ಕಟ್ಟೀರಿ? ದೃಷ್ಟಿ ಆಗಬಾರದಂತೇನು?"

"ಅದು ಅದರ ಬಾಯಿ," ಎಂದಳು ಅಭಿಜ್ಞಾ.

"ಸೋರತೈತಿ, ತಗೊಂಡ ಹೋಗ್ರಿ ಅಂತ ಬರದಿದ್ರಿ. ಒಂದ ಹನಿ ಇಲ್ಲಲ್ರಿ ಇಲ್ಲೆ. ಹಿಂಗಾದ್ರ ನನಗ ಇನ್ನೂ ಛಲೋ ಆತ ನೋಡ್ರಿ. ಹೇಳ್ರಿ, ಏನ ಕೊಡ್ಲಿ?"

ಭಟ್ಟರು ಮಗನ ಕಡೆ ತಿರುಗಿದರು. ಮಾತು ಕೊಟ್ಟವರು ಅವರು, ಪಡೆದವನು ಮಗ. ಬಾಗಿಲ ಬಳಿ ನಿಂತಿದ್ದ ಪರಿಮಳಾ ಗಂಡನ ಮುಖವನ್ನೇ ನೋಡಿದಳು. ಸಂದೇಶ ಒಂದು ಗಳಿಗೆ ಕರಟವನ್ನೂ, ಅಪ್ಪನ ಕಾಲನ್ನೂ, ಒಣಗಿದ ಗೇರನ್ನೂ ನೋಡಿದ.

"ತಪ್ಪು ತಿಳೀಬೇಡಿ, ಚಂದ್ರಶೇಖರಪ್ಪ. ಸೋರಿದ್ರೆ ಕೊಡೋದು ಅಂತ ನಮ್ಮಲ್ಲಿ ಮಾತಾಗಿತ್ತು. ಸೋರ್ತಿಲ್ಲ," ಎಂದ. ಆಮೇಲೆ ಅಪ್ಪನ ಕಡೆ ತಿರುಗಿ ದನಿ ತಗ್ಗಿಸಿ, "ಆದ್ರೆ ಹೊತ್ತು ಮುಳುಗದ್ರೊಳಗೆ ಮನೆಗೆ ಬರವು. ಅದೊಂದು ಮಾತು ಯಂಗೆ ಕೊಡು," ಎಂದ.

"ಕೊಟ್ಟೆ," ಎಂದರು ಭಟ್ಟರು.

ಹಾನಗಲ್ಲಿನಿಂದ ಬಸ್ಸು ಹಿಡಿದು ಬಂದವನು ಬರಿಗೈಯಲ್ಲಿ ಹೋಗಬಾರದೆಂದು ಸೀತಮ್ಮ ಕಾಫಿ ಕೊಟ್ಟು, ಐವತ್ತು ಹಪ್ಪಳದ ಕಟ್ಟೊಂದನ್ನು ಅವನ ಚೀಲಕ್ಕೆ ಹಾಕಿದರು. ಅವನು ಹೋಗುವಾಗಲೂ ಕರಟದ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದ.

ಸೋಮವಾರ ಭಟ್ಟರು ನಿಲ್ಕುಂದಕ್ಕೆ ಹೋದರು. ಯಾರೂ ಕರೆದಿರಲಿಲ್ಲ, ಶ್ರಾದ್ಧದ ದಿನ ತಡವಾದುದಕ್ಕೆ ಒಂದು ಮಾತು ಹೇಳಿ ಬರಬೇಕೆಂದು ತಾವೇ ಹೊರಟಿದ್ದರು. ಹೊತ್ತು ಮುಳುಗಲು ಇನ್ನೂ ಒಂದು ತಾಸಿರುವಾಗಲೇ ಕೇರಿಯ ತುದಿಯಲ್ಲಿ ಗುಡುಗು ಕೇಳಿಸಿತು.

ಮಂಗಳವಾರ ಬೆಳಿಗ್ಗೆ ಪರಿಮಳಾ ಒಗೆಯುವ ಕಲ್ಲಿನ ಬಳಿ ಪಂಚೆಯನ್ನು ಬಿಡಿಸಿ ಹಿಡಿದಳು. ಬಚ್ಚಲ ಒಲೆಯ ಮುಂದೆ ಕೂತಿದ್ದ ಸೀತಮ್ಮ ಉರಿಯನ್ನು ಬಿಟ್ಟು ಎದ್ದು ಬಂದು ಅವಳ ಹೆಗಲ ಮೇಲಿಂದ ಇಣುಕಿದರು.

"ಎಂತ ಇದ್ದು ಬಲದ ಬದಿಗೆ?"

ಪರಿಮಳಾ ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದಳು.

"ಕೆಂಪು ಧೂಳು, ಅತ್ತೆ. ಅಷ್ಟೆ."

"ಹಾಂಗಾದ್ರೆ ಸೀಗೆಪುಡಿ ಬ್ಯಾಡ," ಎಂದರು ಸೀತಮ್ಮ. "ಬಾಕಿ ಬಟ್ಟೆ ಜೊತಿಗೇ ಹಾಕು."